ಕೊನೆಯ ಗುಡ್ಡಕ್ಕೆ ಎಬ್ಬಿಸು

ಮಾರ್ಚ್ ತಿಂಗಳ ಆ ಶನಿವಾರ ಲಂಡನ್ನಿನ ಗ್ರೀನ್‌ಫರ್ಡ್‌ನ ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದಲೇ ಹೋಳಿಗೆಯ ಗಡಿಬಿಡಿ. ಯುಗಾದಿಗೆ ಇನ್ನೂ ದಿನಗಳಿದ್ದವು. ನನ್ನ ಗಂಡನಿಗೆ ಮಾತ್ರ ಹಬ್ಬ ಅವತ್ತೇ: ಮಿಲಾನ್–ಸಾನ್ ರೆಮೊ ಸೈಕಲ್ ಓಟ.

ಇಟಲಿಯವರು ಅದನ್ನು ವಸಂತದ ಓಟ ಎನ್ನುತ್ತಾರೆ. ಮಿಲಾನ್‌ನಿಂದ ಸಮುದ್ರದ ದಂಡೆಯವರೆಗೆ ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರ್. ಬಹಳ ಹಿಂದೆ ಒಂದು ವರ್ಷ ಹಿಮ ಸುರಿದು, ಓಟ ಮುಗಿಸಿದವರು ಬೆರಳೆಣಿಕೆಯಷ್ಟು ಜನ ಮಾತ್ರವಂತೆ. ನಮ್ಮ ಮನೆಯವರು ಪ್ರತಿ ವರ್ಷ ಆ ಕಥೆ ಹೇಳುವಾಗ ಹಿಮ ಒಂದು ಅಡಿ ಏರುತ್ತಿತ್ತು. ಬಿಜಾಪುರದ ಕಡೆ ಸೈಕಲ್ ಪಂದ್ಯ ಗೆದ್ದು ಹಿತ್ತಾಳೆ ಕೊಡ ತಂದವರು ಇವರು. ಆ ಕೊಡ ಟೀವಿಯ ಪಕ್ಕದಲ್ಲೇ ಕೂತಿತ್ತು.

ಆರು ಗಂಟೆ ಏನೂ ಆಗದ ಓಟವದು. ಕೊನೆಗೆ ಪೊಜ್ಜೊ ಎಂಬ ಸಣ್ಣ ಗುಡ್ಡ. ಅಲ್ಲಿಂದ ಹತ್ತೇ ನಿಮಿಷದಲ್ಲಿ ಎಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅವರು ಸೋಫಾದಲ್ಲಿ ಉರುಳಿ, “ಕೊನೀ ಗುಡ್ಡಕ್ಕ ಎಬ್ಬಸು” ಎಂದರು.

ನಾನು ಎಬ್ಬಿಸಲಿಲ್ಲ. ಬಾಯಿ ತೆರೆದು ಅಷ್ಟು ಸುಖವಾಗಿ ಮಲಗಿದ್ದರು. ವಿಡಿಯೋ ಟೇಪ್ ಹಾಕಿ ರೆಕಾರ್ಡ್ ಒತ್ತಿದೆ. ಗುಡ್ಡ ಬಂದಾಗ ಕೈಯಲ್ಲಿ ಕಣಕದ ಉಂಡೆ ಹಿಡಿದೇ ಕುಣಿದೆ. ಹತ್ತು ವರ್ಷದ ಮಗಳು ಕೂಗು ತಡೆಯಲು ದಿಂಬು ಕಚ್ಚಿಕೊಂಡಳು.

ಅವರು ಎದ್ದಾಗ ಟೀವಿಯಲ್ಲಿ ಹವಾಮಾನ ವರದಿ.

“ಯಾಕ ಎಬ್ಬಸ್ಲಿಲ್ಲ?”

“ನಿಮ್ಮ ಗೊರಕಿ ಕೇಳಿ ಸೈಕಲ್‌ದವ್ರೂ ನಿಂತ್ಬಿಟ್ಟಿದ್ರು.”

“ಟೇಪ್ ಐತಿಲ್ಲೋ? ನಾಳೆ ಡ್ಯೂಟಿ ಮುಗಿಸಿ ಬಂದು ಕೂತು ನೋಡ್ತೀನಿ. ಯಾಂವ ಗೆದ್ದ ಅಂತ ಯಾರೂ ಬಾಯಿ ಬಿಡಬ್ಯಾಡ್ರಿ!”

“ಡ್ಯಾಡ್, ಐ ನೋ ಹೂ ವನ್!” ಎಂದು ಮಗಳು ಮೆಟ್ಟಿಲು ಹತ್ತಿ ಓಡಿದಳು. ಇವರು ಕಿವಿ ಮುಚ್ಚಿಕೊಂಡೇ ಅಟ್ಟಿಸಿಕೊಂಡು ಹೋದರು. ಊಟಕ್ಕೂ ಕಿವಿಯಿಂದ ಬೆರಳು ತೆಗೆಯಲಿಲ್ಲ. ಹೋಳಿಗೆಯನ್ನು ನಾನೇ ಅವರ ಬಾಯಿಗಿಟ್ಟೆ. ನಕ್ಕು ನಕ್ಕು ಮೂವರಿಗೂ ತುಪ್ಪ ನೆತ್ತಿಗೇರಿತು.

ಮರುದಿನ ಬೆಳಿಗ್ಗೆ ಅವರು ಗೇಟಿನಲ್ಲಿದ್ದಾಗ, ಛತ್ರಿ ಬಿಟ್ಟು ಹೊರಟಿರಿ ಎನ್ನಲು ಬಾಯಿ ತೆರೆದೆ. ಗೆದ್ದವನ ಹೆಸರು ಹೇಳಿಬಿಡುತ್ತೇನೆಂದುಕೊಂಡು, ಕಿವಿಗೆ ಬೆರಳಿಟ್ಟು “ಲಾ ಲಾ ಲಾ” ಎನ್ನುತ್ತಾ ಓಡಿದರು, ಐವತ್ತು ದಾಟಿದ ಮನುಷ್ಯ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲೇ ಅವರ ಹೃದಯ ನಿಂತಿತು.

ಕೊಡ ಇದೆ, ಛತ್ರಿ ಇದೆ, ಟೇಪೂ ಇದೆ. ಆ ವರ್ಷ ಯಾರು ಗೆದ್ದರೆಂದು ಅವರಿಗೆ ಗೊತ್ತಿಲ್ಲ.