ಎಲ್ಲರೂ ಮೇಲೆ ನೋಡಿದ ದಿನ

ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಕೊಬ್ಬರಿಯ ವಾಸನೆ ಮೂಗಿಗೆ ಬಂತು. ಆ ಊರಿನವರನ್ನು ಕೇಳಿದರೆ ವಾಸನೆಯೇ ಇಲ್ಲ ಎನ್ನುತ್ತಾರೆ. ಹುಟ್ಟಿದಂದಿನಿಂದ ಅದನ್ನೇ ಉಸಿರಾಡಿದವರಿಗೆ ಅದು ಬರೀ ಗಾಳಿ. ನಾನೂ ಒಂದು ಕಾಲಕ್ಕೆ ಹಾಗೆಯೇ ಇದ್ದೆ. ತುಮಕೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ, ಸೀಮೆಸುಣ್ಣದ ಪುಡಿ ಕುಡಿದು ನಿವೃತ್ತಳಾಗುವ ಹೊತ್ತಿಗೆ ನನ್ನ ಮೂಗು ಪರವೂರಿನದಾಗಿಬಿಟ್ಟಿತ್ತು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ, ಸಿಹಿಯೂ ಜಿಡ್ಡೂ ಬೆರೆತ ಆ ವಾಸನೆ ನೆನಪಿನೊಳಗೆ ನನ್ನನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದ್ದು ಮಾತ್ರ ತುರುವೇಕೆರೆಗೆ ಹೋಗುವ ಒಂದು ಗಾಡಿಜಾಡಿನಲ್ಲಿ. ತಂಗಿಯ ಮಗ ತಿಪಟೂರಿನಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆಂದು ಬಂದವಳು ನಾನು. ಪೂಜೆಗೆ ಹೇಗೂ ತಡವಾಗಿತ್ತು, ಊಟಕ್ಕೆ ಇನ್ನೂ ಹೊತ್ತಿತ್ತು. ಆಟೋ ಹತ್ತದೆ ನಡೆದೇ ಹೊರಟೆ. ನೀವೂ ಬನ್ನಿ. ಒಬ್ಬಳೇ ನಡೆಯುವುದು ನನಗೆ ಚೆನ್ನಾಗಿ ರೂಢಿಯಾಗಿದೆ. ಹೇಗೆ ರೂಢಿಯಾಯಿತು ಎಂಬುದನ್ನು ದಾರಿಯುದ್ದಕ್ಕೂ ಹೇಳುತ್ತೇನೆ.

ನಮ್ಮೂರಿಂದ ತುರುವೇಕೆರೆಗೆ ಮೂರು ಮೈಲಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಲ್ಲಿಗೆ ಪಿ.ಯು.ಸಿ. ಓದಲು ಹೋಗುತ್ತಿದ್ದವರು ನಾವು ಮೂವರು ಹುಡುಗಿಯರು: ನಾನು, ನಾಗರತ್ನ, ಸರೋಜ. ಬಸ್ಸು ಇತ್ತು, ಆದರೆ ಅದು ಕಾಲೇಜಿನ ಗಂಟೆ ಕೇಳಿಕೊಂಡು ಬರುತ್ತಿರಲಿಲ್ಲ. ಹಾಗಾಗಿ ತೋಟಗಳ ನಡುವಿನ ಗಾಡಿಜಾಡೇ ನಮ್ಮ ದಾರಿ. ಲಂಗದಾವಣಿ, ಎದೆಗವಚಿಕೊಂಡ ಪುಸ್ತಕ, ಕೈಯಲ್ಲಿ ರೊಟ್ಟಿಯ ಡಬ್ಬಿ. ನಮ್ಮನ್ನು ಮನೆಯವರು ಕಳಿಸುತ್ತಿದ್ದದ್ದು ಓದಿನ ಮೇಲಿನ ಪ್ರೀತಿಯಿಂದ ಎಂದು ನಾನು ಬಹಳ ದಿನ ನಂಬಿದ್ದೆ. ನಿಜವಾಗಿ ಕಳಿಸುತ್ತಿದ್ದದ್ದು ಮೂವರಿದ್ದಾರಲ್ಲ ಎಂಬ ಧೈರ್ಯದಿಂದ. ಮೂರು ಕಲ್ಲಿದ್ದರೆ ತಾನೆ ಒಲೆ? ಒಬ್ಬಳಿಗೆ ಜ್ವರ ಬಂದರೆ ಉಳಿದಿಬ್ಬರ ಅಮ್ಮಂದಿರೂ ಯೋಚನೆಗೆ ಬೀಳುತ್ತಿದ್ದರು.

ನಾಗರತ್ನಳಿಗೆ ಲೆಕ್ಕ ನೀರು ಕುಡಿದಷ್ಟು ಸಲೀಸು. ಸರೋಜ ಹಾಡುತ್ತಿದ್ದಳು. ನನಗೆ ಬರುತ್ತಿದ್ದದ್ದು ಮಾತೊಂದೇ. ಮನೆಯಿಂದ ಕಾಲೇಜಿನವರೆಗೆ ಬಾಯಿ ಮುಚ್ಚದೆ ಮಾತಾಡಿ ಮಾತಿನಮಲ್ಲಿ ಎಂಬ ಬಿರುದು ಸಂಪಾದಿಸಿದ್ದೆ. ನನ್ನ ಮಾತಿನಲ್ಲಿ ಹುರುಳೆಷ್ಟಿತ್ತು ಎಂದು ಕೇಳಬೇಡಿ.

ನಾಗರತ್ನಳಿಗೆ ಗಂಗಾಧರ ಎಂಬ ಸೋದರಮಾವನಿದ್ದ. ಅವಳು ತೊಟ್ಟಿಲಲ್ಲಿದ್ದಾಗಲೇ ಅವನಿಗೆಂದು ಮಾತಾಗಿತ್ತು. ಆಚೆಯ ಊರಿನವನು, ತುರುವೇಕೆರೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ, ದಿನಾ ನಮ್ಮೂರ ಮೇಲೇ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಗರಿಗರಿ ಷರಟು, ಕೈಗೆ ವಾಚು, ಸೈಕಲ್ಲಿಗೆ ಡೈನಮೋ ದೀಪ. ಯಾರ ಮನೆಯ ರೇಡಿಯೋ ಗೊರಗುಟ್ಟಿದರೂ ಕಾಸು ಕೇಳದೆ ಬಿಚ್ಚಿ ಜೋಡಿಸಿ ಕೊಡುತ್ತಿದ್ದ. ಹಿರಿಯರ ಬಾಯಲ್ಲಿ ಅವನು ಬಂಗಾರದಂಥ ಹುಡುಗ.

ಹಿಂದಿನಿಂದ ಬರುವ ಸೈಕಲ್ಲು ಬೆಲ್ಲು ಹೊಡೆಯಬೇಕು. ಅವನದು ಹೊಡೆಯುತ್ತಿರಲಿಲ್ಲ. ಪಕ್ಕಕ್ಕೆ ಬಂದ ಮೇಲೆಯೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅವನ ಎಡಗೈ ಬೆನ್ನಿಗೋ ಸೊಂಟಕ್ಕೋ ಎದೆಯ ಪಕ್ಕಕ್ಕೋ ಬಂದು ಹೋಗಿಯೂ ಆಗಿರುತ್ತಿತ್ತು. ಹೋದವನು ತಿರುಗಿ ನೋಡುತ್ತಿರಲಿಲ್ಲ. ಮೊದಲ ಸಲ ಸೈಕಲ್ಲು ತಾಗಿತು ಎಂದುಕೊಂಡೆ. ಸೈಕಲ್ಲಿಗೆ ಬೆರಳುಗಳಿರುವುದಿಲ್ಲ ಎಂದು ಆಮೇಲೆ ಹೊಳೆಯಿತು. ಸರೋಜಳಿಗೂ ಹೀಗೇ ಆಗುತ್ತಿತ್ತು. ಅವಳು ಹಾಡುವುದನ್ನು ನಿಲ್ಲಿಸಿದ್ದರಿಂದ ನನಗೆ ತಿಳಿಯಿತು.

ನಾವು ಅದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಆಡಿದರೆ ಮನೆಗೆ ಗೊತ್ತಾಗುತ್ತದೆ, ಮನೆಗೆ ಗೊತ್ತಾದರೆ ಓದು ನಿಲ್ಲುತ್ತದೆ. ನಿಲ್ಲುವುದು ಮೂವರದೂ. ಜೊತೆಗೆ ಅವನು ನಾಗರತ್ನಳ ಗಂಡನಾಗುವವನು, ಅವಳ ಮುಂದೆ ಏನೆಂದು ಹೇಳುವುದು? ಆದರೆ ಅವಳಿಗೆ ಗೊತ್ತಿತ್ತು. ಬೇಲಿಯ ಬದಿ ಬಿಟ್ಟು ಚಕ್ರದ ಜಾಡಿನ ಕಡೆಗೆ ಅವಳು ನಡೆಯುತ್ತಿದ್ದರೆ ಆ ಸೈಕಲ್ಲು ಬೆಲ್ಲು ಹೊಡೆದು, ಗೌರವದಿಂದ ಸುತ್ತಿ ಹೋಗುತ್ತಿತ್ತು. ಅದನ್ನು ಕಂಡುಕೊಂಡ ಮೇಲೆ ಅವಳು ದಿನವೂ ಜಾಡಿನ ಕಡೆಗೇ ನಡೆಯತೊಡಗಿದಳು. ಯಾಕೆ ಎಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮನ್ನು ಬೇಲಿಯ ಕಡೆಗೆ ಬಿಟ್ಟು, ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಸುಮ್ಮನೆ ನಡೆಯುತ್ತಿದ್ದಳು. ಅವಳ ಮೇಲೆ ನನಗೆ ಹುಟ್ಟಿದ ಪ್ರೀತಿ ಅಂಥಿಂಥದ್ದಲ್ಲ.

ಒಂದು ಬೆಳಿಗ್ಗೆ ಅವಳ ಅಂಗಾಲಿಗೆ ಮುಳ್ಳು ಚುಚ್ಚಿತು. ತೆಗೆಯುತ್ತ ಹಿಂದೆ ಉಳಿದಳು. ನಾವಿಬ್ಬರು ನಿಧಾನಕ್ಕೆ ಮುಂದೆ ನಡೆದೆವು, ಜಾಡಿನ ಕಡೆಗೆ ನಾನು. ಅಂದು ಪಕ್ಕದ ತೋಟದಲ್ಲಿ ಕಾಯಿ ಕೆಡವುತ್ತಿದ್ದರು. ಮರದ ಮೇಲೊಬ್ಬ, ಕೆಳಗೆ ಕಾಯಿ ಆಯುವ ಹೆಂಗಸರು, ಸುಲಿಯುವ ಗಂಡಸರು, ಬೇಲಿಯ ಬದಿಯಲ್ಲಿ ತೋಟದ ಗೌಡರು. ಇಷ್ಟು ಜನರ ಮುಂದೆ ಏನೂ ಆಗುವುದಿಲ್ಲ ಎಂದು ನಾನು ಮೈಮರೆತಿದ್ದೆ. ಆಗಲೇ ಹಿಂದಿನಿಂದ ಆ ಕೈ ಬಂತು. ನನ್ನ ಗಂಟಲಿನಿಂದ "ಏಯ್" ಎಂದು ಒಂದು ಕೂಗು ಹೊರಟಿತು. ಅಷ್ಟು ದೊಡ್ಡ ದನಿ ನನ್ನೊಳಗೆ ಇದ್ದದ್ದು ನನಗೇ ಗೊತ್ತಿರಲಿಲ್ಲ.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ತೆಂಗಿನ ಸೀಮೆಯ ಮಕ್ಕಳಿಗೆ ನೆಟ್ಟಗೆ ನಡೆಯಲು ಬರುವ ಮೊದಲೇ ಒಂದು ಪಾಠವಾಗಿರುತ್ತದೆ. ತೋಟದಲ್ಲಿ ಯಾರಾದರೂ ಕೂಗಿದರೆ ಕಾಯಿ ಬೀಳುತ್ತಿದೆ ಎಂದು ಅರ್ಥ. ಯಾಕೆ, ಏನು ಎಂದು ಕೇಳುತ್ತ ನಿಲ್ಲಬಾರದು. ತಲೆಯ ಮೇಲೆ ಕೈಯಿಟ್ಟುಕೊಂಡು, ಮೇಲೆ ನೋಡಿ, ಮರದ ಬುಡದಿಂದ ದೂರ ಓಡಬೇಕು. ನಾನು ಕೂಗಿದಾಗ ಆದದ್ದು ಅದೇ. ಆ ತೋಟದಲ್ಲಿದ್ದ ಅಷ್ಟೂ ಜನ ತಲೆಗೆ ಕೈಕೊಟ್ಟು ಮೇಲೆ ನೋಡಿದರು. ಗೌಡರು ಮೇಲೆ ನೋಡಿದರು. ಸರೋಜ ಮೇಲೆ ನೋಡಿದಳು. ಗಂಗಾಧರನೂ ಮೇಲೆ ನೋಡಿ, ಹಿಡಿತ ತಪ್ಪಿ, ಸೈಕಲ್ಲಿನ ಸಮೇತ ಕತ್ತಾಳೆ ಬೇಲಿಗೆ ಬಿದ್ದ. ಮರದ ಮೇಲಿದ್ದವನು ನಾನೇನೂ ಕೆಡವಿಲ್ಲ ಕಣ್ರಪ್ಪೋ ಎಂದು ಅಲ್ಲಿಂದಲೇ ಕೂಗಿ ಹೇಳಿದ. ಈಗ ನೆನೆದರೆ ನಗು ಬರುತ್ತದೆ. ಅಂದು ಬರಲಿಲ್ಲ.

ಗೌಡರು ಹತ್ತಿರ ಬಂದು, ಎಲ್ಲಿ ಬಿತ್ತವ್ವ ಎಂದು ಕೇಳಿದರು. ಅವರು ಅಷ್ಟು ಕಾಳಜಿಯಿಂದ ಕೇಳದಿದ್ದರೆ ನಾನು ಏನೂ ಇಲ್ಲವೆಂದು ಹೇಳಿ ಮುಂದೆ ಹೋಗಿಬಿಡುತ್ತಿದ್ದೆನೋ ಏನೋ. ಕೂಗಿದ್ದು ನಾನಲ್ಲ, ನನ್ನ ಗಂಟಲು. ಹೇಳಬೇಕಾದದ್ದು ಮಾತ್ರ ನಾನೇ. ಮಾತಿನಮಲ್ಲಿಗೆ ಅಂದು ಒಂದೊಂದು ಪದವೂ ಬಾಯಲ್ಲಿ ಮರಳು ತುಂಬಿಕೊಂಡಂತೆ ಕಷ್ಟವಾಯಿತು.

"ಕಾಯಲ್ಲ ಕಣ್ರೀ ಗೌಡ್ರೇ. ಈ ಗಂಗಾಧರ ನನ್ನ ಮೈಮೇಲೆ ಕೈ ಹಾಕ್ದ. ಇವತ್ತಲ್ಲ, ದಿನಾ ಹಾಕ್ತಾನೆ."

ಗಂಗಾಧರ ಎದ್ದು ಷರಟಿನ ಮಣ್ಣು ಕೊಡವಿಕೊಳ್ಳುತ್ತ, ಸೈಕಲ್ ತಾಗಿರಬೇಕು ಕಣ್ರೀ, ಚಿಕ್ಕ ಹುಡುಗಿ, ಗಾಬರಿಯಾಗವಳೆ ಎಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಗೌಡರು ಸರೋಜಳನ್ನು ಕೇಳಿದರು. ಅವಳು ಅಳತೊಡಗಿದಳು. ಆಮೇಲೆ ಹಿಂದೆ ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದ ನಾಗರತ್ನಳ ಕಡೆ ತಿರುಗಿ, "ನೀನು ಹಿಂದ್ಗಡೆ ಇದ್ಯಲ್ಲವ್ವ, ನೋಡಿದ್ಯಾ?" ಎಂದರು.

"ಇಲ್ಲ" ಎಂದಳು ನಾಗರತ್ನ. "ನಾನೂ ಮೇಲೆ ನೋಡ್ತಿದ್ದೆ."

ಎಲ್ಲರೂ ಮೇಲೆ ನೋಡಿದ್ದು ನಾನು ಕೂಗಿದ ಮೇಲೆ. ಕೂಗುವ ಮೊದಲು ಎಲ್ಲಿ ನೋಡುತ್ತಿದ್ದೆ ಎಂದು ಅವಳನ್ನು ಯಾರೂ ಕೇಳಲಿಲ್ಲ. ಗೌಡರು, ಆಯ್ತು ನಡೀರಿ, ಕಾಲೇಜಿಗೆ ಹೊತ್ತಾಯ್ತು ಎಂದರು. ನಾವು ಮೂವರೂ ನಡೆದೆವು, ಮೂವರೂ ಬೇರೆ ಬೇರೆಯಾಗಿ.

ಸಂಜೆ ನಾನು ಮನೆಗೆ ಬರುವ ಮೊದಲೇ ಸುದ್ದಿ ಬಂದು ಕೂತಿತ್ತು. ಅಪ್ಪ ಜಗಲಿಯಲ್ಲಿ ಕೂತು, ಇನ್ನು ಓದಿದ್ದು ಸಾಕು ಎಂದರು. ಅಮ್ಮ ಅಪ್ಪನಿಗೆ ಎದುರಾಡಿದವರಲ್ಲ. ಅಂದು ಒಳಗಿನಿಂದಲೇ, "ಕದ್ದೋನು ಮನೇಲಿ ಕೂರ್ಬೇಕು, ಕಳಕೊಂಡೋಳಲ್ಲ" ಎಂದರು. ಅಷ್ಟೇ. ಮಾರನೆಯ ದಿನ ರೊಟ್ಟಿಯ ಡಬ್ಬಿ ಎಂದಿನ ಜಾಗದಲ್ಲಿತ್ತು.

ಜೊತೆಯವರು ಮಾತ್ರ ಇರಲಿಲ್ಲ. ಸರೋಜಳನ್ನು ಚಿಕ್ಕನಾಯಕನಹಳ್ಳಿಯ ದೊಡ್ಡಮ್ಮನ ಮನೆಗೆ ಕಳಿಸಿಬಿಟ್ಟರು. ನಾಗರತ್ನಳ ಮನೆಯಲ್ಲಿ, ಊರಿನ ಬಾಯಿ ದೊಡ್ಡದಾಗುವ ಮೊದಲು ಕೆಲಸ ಮುಗಿಸಿಬಿಡೋಣ ಎಂದು ಯುಗಾದಿಗೂ ಮುಂಚೆಯೇ ಗಂಗಾಧರನ ಜೊತೆ ಮದುವೆ ಮಾಡಿದರು. ಲೆಕ್ಕದ ಪರೀಕ್ಷೆ ಬರೆಯಬೇಕಾದವಳು ಅರಿಸಿನ ಹಚ್ಚಿಸಿಕೊಂಡು ಕೂತಳು. ನಮ್ಮ ಮನೆಗೆ ಕರೆಯಲಿಲ್ಲ. ವಾಲಗ ನಮ್ಮ ಹಿತ್ತಿಲಿಗೇ ಕೇಳುತ್ತಿತ್ತು. ನಾನು ಕೂಗದೆ ಇದ್ದಿದ್ದರೆ ಅವಳು ಪರೀಕ್ಷೆ ಬರೆಯುತ್ತಿದ್ದಳು ಎಂಬ ಯೋಚನೆ ಅಂದು ನನ್ನೊಳಗೆ ಹೊಕ್ಕಿತು, ಮತ್ತೆ ಹೊರಗೆ ಹೋಗಲಿಲ್ಲ.

ಗಂಗಾಧರ ಆ ಜಾಡಿನಲ್ಲಿ ಮತ್ತೆ ಬರಲಿಲ್ಲ, ರಸ್ತೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದನಂತೆ. ನನ್ನ ದಾರಿ ಅಷ್ಟು ನಿರ್ಭಯವಾಗಿ ಹಿಂದೆಂದೂ ಇರಲಿಲ್ಲ, ಅಷ್ಟು ಉದ್ದವಾಗಿಯೂ ಇರಲಿಲ್ಲ. ನಾನು ಹತ್ತಿರ ಬಂದರೆ ತೋಟದಲ್ಲಿ ಕೆಲಸ ಮಾಡುವ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅವರು ನನಗೆ ಕೂಗುಮಾರಿ ಎಂದು ಹೆಸರಿಟ್ಟಿದ್ದು ಬೇರೆಯವರಿಂದ ತಿಳಿಯಿತು. ರಾತ್ರಿ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುವ ಆ ಮಾರಿಗೆ ಓಗೊಡಬಾರದು ಎಂದು ನಮ್ಮ ಕಡೆ ನಂಬಿಕೆ. ನನಗೂ ಯಾರೂ ಓಗೊಡುತ್ತಿರಲಿಲ್ಲ. ಮಾತಾಡದೆ ಇರಲಾರದವಳು ನಾನು, ಇತಿಹಾಸದ ಪಾಠವನ್ನು ಮರಗಳಿಗೆ ಒಪ್ಪಿಸುತ್ತ ನಡೆದೆ. ಮಧ್ಯದಲ್ಲಿ ಒಮ್ಮೊಮ್ಮೆ ಅಳು ಬರುತ್ತಿತ್ತು. ನ್ಯಾಯ ಬೇಕೆಂದು ಬಂದ ಅಳುವಲ್ಲ ಅದು. ನನಗೆ ಅವರಿಬ್ಬರೂ ಬೇಕಾಗಿದ್ದರು.

ಆಮೇಲೆ ಓದಿದೆ, ಕೆಲಸ ಸಿಕ್ಕಿತು, ಬದುಕು ನಡೆಯಿತು. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ, ಕೂಗಿದರೆ ಸಾಲದು, ಯಾರು ಏನು ಮಾಡಿದ ಎಂದು ಬಿಡಿಸಿ ಹೇಳಬೇಕು ಎಂದು ವರ್ಷ ವರ್ಷವೂ ಹೇಳುತ್ತಿದ್ದೆ. ಹೇಳುವ ನಾನು ಮಾತ್ರ, ಯಾರಾದರೂ ಜೋರಾಗಿ ಕೂಗಿದರೆ ಸ್ಟಾಫ್ ರೂಮಿನಲ್ಲೂ ತಲೆಗೆ ಕೈಕೊಟ್ಟು ಫ್ಯಾನಿನ ಕಡೆ ನೋಡುತ್ತಿದ್ದೆ.

ಇಷ್ಟು ಹೇಳುವಷ್ಟರಲ್ಲಿ ಗೃಹಪ್ರವೇಶದ ಮನೆ ಬಂತು. ಪಂಕ್ತಿ ಆಗಲೇ ಕೂತಿತ್ತು. ಖಾಲಿ ಇದ್ದ ಒಂದೇ ಎಲೆಯ ಮುಂದೆ ಕೂತು ಪಕ್ಕಕ್ಕೆ ತಿರುಗಿದರೆ ನಾಗರತ್ನ. ತಲೆ ಪೂರ್ತಿ ಬೆಳ್ಳಗಾಗಿದೆ, ಹಣೆಯಲ್ಲಿ ವಿಭೂತಿ ಮಾತ್ರ. ಗಂಗಾಧರ ತೀರಿಕೊಂಡ ಸುದ್ದಿ ತಂಗಿ ಹೇಳಿದ್ದಳು. ಇಬ್ಬರೂ ಪಲ್ಯ, ಕೋಸಂಬರಿ, ಮಕ್ಕಳು ಎಲ್ಲಿದ್ದಾರೆ ಎಂದು ಮಾತಾಡಿ ಮುಗಿಸಿದೆವು. ಆಮೇಲೆ ಅವಳು ಅನ್ನ ಕಲಸುತ್ತ, ಎಲೆಗೇ ಹೇಳುವವಳಂತೆ ಹೇಳಿದಳು:

"ನಾನು ಅವತ್ತು ಮೇಲೆ ನೋಡ್ಲಿಲ್ಲ ಕಣೇ."

ಗೊತ್ತು ಎಂದೆ. ನಲವತ್ತು ವರ್ಷದಿಂದ ಗೊತ್ತಿತ್ತು. ಆದರೂ ಅದನ್ನು ಕಿವಿಯಲ್ಲಿ ಕೇಳಿದಾಗ ಕೈ ತುತ್ತಿನ ಸಮೇತ ಎಲೆಯ ಮೇಲೇ ನಿಂತಿತು.

"ನೀನು ಕೂಗಿದ್ದಕ್ಕೇ ನನ್ನ ಓದು ಹೋಯ್ತು ಅಂತ ಸುಮಾರು ವರ್ಷ ನಿನ್ನೇ ಬೈಕೊಂಡೆ. ಮನೇಲಿ ಅವ್ರು ನನ್ನ ಚೆನ್ನಾಗೇ ನೋಡ್ಕೊಂಡ್ರು, ಸುಳ್ಯಾಕೆ. ಹೊರಗೆ ಹೋದ್ರೇ ಕಷ್ಟ. ಬಸ್ಸಲ್ಲಿ, ಸಂತೇಲಿ, ಮದ್ವೆಮನೇಲಿ, ಎಲ್ಲೋದ್ರೂ ಅವ್ರ ಕೈ ನೋಡ್ಕೊಂಡೇ ಕೂತಿರ್ತಿದ್ದೆ. ಯಾರ ಮದ್ವೇಲಿ ಏನು ಊಟ ಹಾಕಿದ್ರು ಅಂತ ಒಂದು ದಿನಾನೂ ನಂಗೆ ನೆನಪಿಲ್ಲ ಕಣೇ."

ಆ ಜಾಡಿನಲ್ಲಿ ಒಂಟಿಯಾಗಿ ನಡೆದವಳು ನಾನೊಬ್ಬಳೇ ಎಂದು ಇಷ್ಟು ವರ್ಷ ನನಗಾಗಿ ನಾನೇ ಮರುಗುತ್ತ ಬಂದಿದ್ದೆ. ಅವಳನ್ನು ನೋಡಿ ಸಂಕಟವಾಯಿತು. ಸಿಟ್ಟೂ ಬಂತು, ಅದನ್ನು ಮುಚ್ಚಿಟ್ಟು ಏನು ಮಾಡಲಿ? ಅವಳಿಗೆ ಅದು ಕಂಡಿತು.

"ಸಿಟ್ಟೈತಾ?" ಎಂದಳು.

"ಐತೆ" ಎಂದೆ.

"ಇರ್ಲಿ ಬುಡು" ಎಂದಳು.

ಬಡಿಸುವವನು ಒಬ್ಬಟ್ಟು ತಂದ. ಅವಳು ಒಂದು ಹಾಕಿಸಿಕೊಂಡು, ಹೋಗುತ್ತಿದ್ದವನನ್ನು ತಡೆದು ಇನ್ನೊಂದು ಕೇಳಿ ಹಾಕಿಸಿಕೊಂಡಳು. ತುಪ್ಪ ಇಂಗುವವರೆಗೂ ಕಾದು, ಚೂರು ಚೂರೇ ಮುರಿದು, ನಿಧಾನವಾಗಿ ತಿಂದಳು. ಸುತ್ತ ಯಾರು ಏನು ಮಾಡುತ್ತಿದ್ದಾರೆ ಎಂದು ಒಮ್ಮೆಯೂ ತಲೆಯೆತ್ತಲಿಲ್ಲ. ಚೆನ್ನಾಗೈತೆ, ನೀನೂ ಇನ್ನೊಂದು ಹಾಕಿಸ್ಕೊ ಎಂದಳು. ಪಂಕ್ತಿಯವರೆಲ್ಲ ಎದ್ದು ಕೈತೊಳೆಯಲು ಹೋದರು. ಅವಳು ತಿಂದು ಮುಗಿಸುವವರೆಗೂ ನಾನು ಪಕ್ಕದಲ್ಲೇ ಕೂತಿದ್ದೆ.