ಪದ್ಮಕ್ಕನವರ ಮಹಡಿಯ ನೆಲ

ಪದ್ಮಕ್ಕನವರು ತಮ್ಮ ಸ್ವಂತ ಮನೆಯಲ್ಲಿ ಕಳ್ಳರಂತೆ ನಡೆಯುತ್ತಿದ್ದರು. ದಪ್ಪ ದೇಹ, ನೋಯುವ ಮೊಣಕಾಲು. ಆದರೂ ಕೌದಿ ಹಾಸಿದ ಕಡೆಯಷ್ಟೇ ಕಾಲಿಟ್ಟು, ಗೋಡೆ ಹಿಡಿದು, ಹೆಜ್ಜೆ ಇಳಿಸುವ ಮುನ್ನ ಅಪ್ಪಣೆ ಕೇಳುವವರಂತೆ ತಡೆದು ಸಾಗುವರು. ಕೆಳಗಿನ ಬಾಡಿಗೆಮನೆಯಲ್ಲಿ ಲಗಮವ್ವ ಮಲಗಿರಬಹುದೆಂಬುದೇ ಕಾರಣ.

ಜಮಖಂಡಿಯ ಆ ಹಳೆಯ ವಾಡೆ ಅವರ ಗಂಡನ ಮನೆತನದ್ದು. ಗಂಡ ತೀರಿದ ಮೇಲೆ ಅದನ್ನು ಮೂರು ಮನೆಗಳಾಗಿ ಬೇರ್ಪಡಿಸಿ, ಮಹಡಿಯನ್ನು ತಾವಿಟ್ಟುಕೊಂಡು, ಕೆಳಗಿನ ಮುಂಭಾಗವನ್ನು ಶಾಲೆಯ ಮಾಸ್ತರನಾದ ನನಗೂ ಹಿಂಭಾಗವನ್ನು ಬೀರಪ್ಪನಿಗೂ ಬಾಡಿಗೆಗೆ ಕೊಟ್ಟರು. ಅದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ವರ್ಷವೆಂದು ಮೊದಲು ಬರೆದಿದ್ದೆ. ತಾಳೆ ನೋಡಿದರೆ ತಪ್ಪು. ಬೀರಪ್ಪ ಬಂದದ್ದು ಬೀಳಗಿ ಸೀಮೆಯ ಅವನ ಊರಿಗೆ ಅಣೆಕಟ್ಟಿನ ಹಿನ್ನೀರು ನುಗ್ಗಿದ ಬಳಿಕ, ಅಂದರೆ ಕೆಲವು ವರ್ಷ ಈಚೆ. ಅವನ ಹೆಂಡತಿ ಲಗಮವ್ವ ಆಗ ಬಸುರಿ. ಹಿಂದೊಮ್ಮೆ ಬಸಿರು ಇಳಿದಿತ್ತು. ಊರು ಬಿಟ್ಟಂದಿನಿಂದ ಅವಳಿಗೆ ನಿದ್ದೆಯಿಲ್ಲ. ತಲೆಯ ಮೇಲೆ ಸದ್ದಾದರೆ ಬೆಚ್ಚಿ ಎದ್ದು ಕೂಡುವಳು.

ಸದ್ದಾಗದೆ ಇರುತ್ತಿರಲಿಲ್ಲ. ಮಹಡಿಯ ಹಲಗೆಗಳ ಮೇಲೆ ಹಿಂದಿನವರು ದಪ್ಪನಾಗಿ ಮಣ್ಣು ಮೆತ್ತಿದ್ದರು. ಮನೆ ಬೇರ್ಪಡಿಸುವಾಗ ಮಹಡಿಯಲ್ಲಿ ಎಬ್ಬಿಸಿದ ಅಡುಗೆಮನೆಯ ಗೋಡೆಗಳ ಭಾರ ಬೇರೆ ಬೀಳುತ್ತದೆಂದು ಬಡಿಗೇರ ಆ ಮಣ್ಣನ್ನು ಕೆತ್ತಿ ತೆಗೆಸಿದ. ಉಳಿದದ್ದು ಬರಿಯ ಹಲಗೆ; ಮೇಲೆ ತಂಬಿಗೆ ಉರುಳಿದರೆ ಕೆಳಗೆ ಗುಡುಗು.

“ಅಕ್ಕಾರ, ಮ್ಯಾಲ ಆನಿ ಸಾಕೀರೇನ್ರಿ?” ಎಂದು ಬೀರಪ್ಪ ಅಂಗಳದಿಂದ ಕೇಳುವನು.

“ನಾನ ಆನಿ ಅಲ್ಲೇನೋ ತಮ್ಮಾ!”

ನಗುವರು, ಆಮೇಲೆ ಮುಖ ಬಾಡುವುದು. ಹೊತ್ತು ಮುಳುಗುವ ಮುನ್ನ ಉಂಡು, ನೀರು ಸೋಸಿ ಕುಡಿಯುವ ಜೈನ ಮನೆತನ ಅವರದು. ದೀಪಕ್ಕೆ ಹುಳು ಮುತ್ತಿದರೆ ದೀಪವನ್ನೇ ಆರಿಸಿ ಕತ್ತಲಲ್ಲಿ ಕೂಡುವವರು. ತಮ್ಮ ನಡಿಗೆಯಿಂದ ಒಂದು ಬಸಿರಿಗೆ ಕೇಡಾದರೆ ಎಂಬ ಅಂಜಿಕೆ ಅವರನ್ನು ತಿನ್ನುತ್ತಿತ್ತು.

ಸದ್ದು ಅಡಗಿಸಲು ಹಲಗೆಯಡಿ ಜಂತಿಗಳ ನಡುವೆ ಮಣ್ಣಿಗಿಂತ ಹಗುರಾದದ್ದನ್ನು ತುಂಬಬೇಕಿತ್ತು. ಕಬ್ಬಿನ ಸೀಮೆಯವರಾದ ನಮಗೆಲ್ಲ ಹೊಳೆದದ್ದು ಒಂದೇ: ಸಕ್ಕರೆ ಕಾರ್ಖಾನೆಯಲ್ಲಿ ರಸ ಹಿಂಡಿ ಉಳಿದ ಸಿಪ್ಪೆ.

“ಸೀ ಇರತೈತಿ, ಇರಬಿ ಹತ್ತತಾವ್ರಿ,” ಎಂದು ಇರುವೆಗೆ ಅಂಜಿದಳು ಲಗಮವ್ವ.

“ಕಾರ್ಖಾನ್ಯಾವ್ರು ಅದರಾಗ ಒಂದ ಹನಿ ಬಿಟ್ಟಾರೇನ ತಂಗಿ? ಅವರು ರೈತನ್ನs ಬಿಡಂಗಿಲ್ಲ!” ಎಂದರು ಪದ್ಮಕ್ಕ. ಎಲ್ಲರೂ ನಕ್ಕೆವು.

ಅವರು ಸಿಪ್ಪೆಯನ್ನು ಬಿಸಿಲಿಗೆ ಹರವಿ, ಒಂದು ಜೀವವೂ ಉಳಿಯದಂತೆ ಕೈಯಾಡಿಸಿ ನೋಡಿ, ಆಮೇಲೆ ತುಂಬಿಸಿದರು. ಹಲಗೆ ಮುಚ್ಚಿದ ದಿನ ನನ್ನನ್ನು ಕೆಳಗೆ ನಿಲ್ಲಿಸಿ, ಮೇಲೆ ಕಾಲು ಅಪ್ಪಳಿಸಿ, ಕಿಟಕಿಯಿಂದ ಕೂಗಿದರು: “ಸರ, ಕೇಳಸ್ತೈತೇನ್ರಿ?”

“ನಿಮ್ಮ ದನಿ ಕೇಳಸ್ತೈತ್ರಿ, ಕಾಲಲ್ಲ!”

ಲಗಮವ್ವ ಮಲಗಿದಳು. ದಿನ ತುಂಬಿ ಹೆಣ್ಣುಕೂಸಾಯಿತು.

ಮೊದಲ ಮಳೆಗಾಲಕ್ಕೆ ಇರುವೆಗಳ ಸಾಲು ಬಂದಿತು. ಮರುವರ್ಷ ಗೆದ್ದಲು. ತೊಟ್ಟಿಲು ಕಟ್ಟಿದ್ದ ತೊಲೆಗೆ ಬಡಿಗೇರ ಉಳಿ ಒತ್ತಿದರೆ ಅದು ಹಿಡಿಯವರೆಗೆ ಇಳಿಯಿತು. ಪದ್ಮಕ್ಕನವರು ಸಿಪ್ಪೆಯನ್ನು ಕೈಯಾರೆ ಬುಟ್ಟಿಗೆ ತುಂಬಿ, ಹುಳುಗಳ ಸಮೇತ ಊರಾಚೆಯ ಬದುವಿಗೆ ಸಾಗಿಸಿದರು. ಆದರೆ ಗೆದ್ದಲು ಆಗಲೇ ಗೋಡೆಯೊಳಗೆ ಗೂಡು ಕಟ್ಟಿತ್ತು. ಗೋಡೆ ಒಡೆದು ಅದಕ್ಕೆ ಔಷಧ ಹೊಯ್ಯದಿದ್ದರೆ ಹೊಸ ತೊಲೆಯನ್ನೂ ತಿನ್ನುತ್ತದೆಂದ ಬಡಿಗೇರ.

“ಕರದು ಉಣ್ಣಾಕ ಹಾಕಿದಾಕಿ ನಾನು. ಈಗ ವಿಷಾ ಹಾಕಲೇನು?” ಎಂದರು ಪದ್ಮಕ್ಕ.

ಬೀರಪ್ಪ ತೊಟ್ಟಿಲು ಬಿಚ್ಚಿ, ಅಂಗಳದಲ್ಲಿ ಗಂಟು ಕಟ್ಟತೊಡಗಿದ. “ಒಮ್ಮಿ ನೀರು ಎಬ್ಬಿಸ್ತ್ರಿ, ಈಗ ಹುಳಾ ಎಬ್ಬಸ್ತಾವು.”

“ಕೂಸ ಕಟಗೊಂಡು ಎಲ್ಲಿಗಿ ಹೊಕ್ಕೀಯೋ? ನಾ ತೇರದಾಳಕ್ಕ ತಂಗಿ ಮನಿಗಿ ಹೋಗತೇನಿ. ನಾ ಇಲ್ಲದಾಗ ಏನರ ಮಾಡಿಕೊಳ್ರಿ.”

“ಇಲ್ರಿ ಅಕ್ಕಾರ. ನಿಮ್ಮ ಬೆನ್ನ ಹಿಂದ ನಾ ಮಾಡಂಗಿಲ್ಲ. ನಿಮ್ಮ ಮನಿ, ನಿಮ್ಮ ಬಾಯಿಲೆ ಹೇಳ್ರಿ.”

ಅವನು ಹಟದಿಂದ ಹೇಳಲಿಲ್ಲ. ಅವರ ಮೇಲಿನ ಗೌರವದಿಂದಲೇ ಹೇಳಿದ. ಅದೇ ಅವರನ್ನು ಕಟ್ಟಿಹಾಕಿತು. ಲಗಮವ್ವನ ಹೆಗಲ ಮೇಲೆ ಕೂಸು ಮಲಗಿತ್ತು. ಅದರ ಜಾರಿದ ಹೊದಿಕೆಯನ್ನು ಸರಿಪಡಿಸಿ ಪದ್ಮಕ್ಕ, “ಹಾಕ್ರಿ,” ಎಂದರು. ಅಂದೇ ತೇರದಾಳದ ಬಸ್ಸು ಹತ್ತಿದರು. ವಾಡೆಗೆ ಮರಳಿ ವಾಸಕ್ಕೆ ಬರಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ತೇರದಾಳದಲ್ಲಿಯೇ. ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಬೇಳೆ ಆರಿಸುತ್ತಿದ್ದರು. ಇಲ್ಲಿಗೆ ಬಂದಂದಿನಿಂದ ಅಕ್ಕ ಬೆಲ್ಲ, ಸಕ್ಕರೆ ಮುಟ್ಟಿಲ್ಲವೆಂದು ತಂಗಿ ನನಗೆ ಚಹಾ ಕೊಡುತ್ತ ಹೇಳಿದರು. ಭಾರ ತಾಳುವ ಹೊಸ ತೊಲೆ ಬಂದದ್ದನ್ನೂ, ಹಲಗೆಗೆ ಮತ್ತೆ ಮಣ್ಣು ಮೆತ್ತಿಸಿದ್ದನ್ನೂ ನಾನು ತಿಳಿಸಿದೆ.

“ಲಗಮವ್ವ ಮಕ್ಕೋತಾಳೇನ್ರಿ?”

“ಮಕ್ಕೋತಾಳ್ರಿ, ಚಲೋ ನಿದ್ದಿ ಹತ್ತತೈತ್ರಿ.”

ಬೇಳೆಯೊಳಗಿನ ಹುಳುವೊಂದನ್ನು ಎತ್ತಿ ಪಕ್ಕಕ್ಕೆ ಬಿಟ್ಟರು. ಆಮೇಲೆ ತಲೆ ಎತ್ತದೆ ಕೇಳಿದರು: “ಗೋಡಿ ಒಡದಾಗ ನೀವು ಇದ್ರಿ ಅಲ್ಲ, ಸರ? ಹುಳಾ ಭಾಳ ಇದ್ದೂ ಏನ್ರಿ?”

“ಇದ್ದೂರಿ,” ಎಂದೆ.

ಮೊರದಲ್ಲಿ ಅವರ ಕೈ ನಿಂತಿತು. ನಾನು ಏಳುವವರೆಗೂ ಅದು ಮತ್ತೆ ಆಡಲಿಲ್ಲ.