ತಿಂಗಳಿಗೊಮ್ಮೆ ಅಂದರೆ ತಿಂಗಳಿಗೊಮ್ಮೆ

ಸದರ್ ಬಡಾವಣೆಯ ನಮ್ಮ ಕಚೇರಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್‌ಗಳನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂಬ ನಿಯಮವಿತ್ತು. ನಡೆಯುತ್ತಿದ್ದದ್ದೇ ಬೇರೆ. ಧಾರವಾಡದ ಕಡೆಯವರಾದ ನಮ್ಮ ಮ್ಯಾನೇಜರ್ ಏಪ್ರಿಲ್‌ನಲ್ಲಿ ಒಂದು ದಿನ ಕೂತು, ಮುಂದಿನ ಹನ್ನೆರಡು ತಿಂಗಳ ಸಹಿಯನ್ನೂ ಒಂದೇ ಪೆನ್ನಿನಲ್ಲಿ ಹಾಕಿಬಿಡುತ್ತಿದ್ದರು.

ಈ ವರ್ಷ ಇಂಥ ಕೆಲಸಗಳನ್ನು ನೆನಪಿಸುವ ಸಾಫ್ಟ್‌ವೇರ್ ಬಂತು. ಯಾವ ಕೆಲಸ ಎಷ್ಟು ದಿನಕ್ಕೊಮ್ಮೆ, ಯಾರದು ಎಂದು ತುಂಬುವುದು ನನ್ನ ಪಾಲಿಗೆ ಬಿತ್ತು. ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

"ವರ್ಷಕ್ಕೊಮ್ಮೆ ಅಂತ ಹಾಕ್ರಿ ಮೇಡಂ. ಇಷ್ಟು ವರ್ಷ ಎಲ್ಲಾ ಬರೋಬರ್ ನಡದೈತಿ."

"ಬೆಂಕಿಗೂ ವರ್ಷಕ್ಕೊಮ್ಮೆ ಬಾ ಅಂತ ಹೇಳಿದ್ದೀರಾ ಸರ್?"

"ಭಾಳ ಶಾಣ್ಯಾತನ ಬ್ಯಾಡ್ರಿ," ಎಂದು ಹೊರಟುಹೋದರು.

ನನಗೆ ರೇಗಿತು. ಪ್ರತಿ ತಿಂಗಳ ಮೊದಲ ಸೋಮವಾರ ಎಂದು ಒತ್ತಿದೆ. ಫೋಟೋ ಹಾಕದೆ ಕೆಲಸ ಮುಗಿಯದಂತೆ ಮಾಡಿದೆ. ಹೊಣೆ ಯಾರದು ಎಂಬಲ್ಲಿ ನನ್ನ ಹೆಸರಿತ್ತು. ಅದನ್ನು ಅಳಿಸಿ ಅವರದನ್ನು ಹಾಕಿದೆ.

ಮೊದಲ ಸೋಮವಾರ ಅವರು ಮೊಬೈಲ್ ಹಿಡಿದು, ಮೆಟ್ಟಿಲ ಬಳಿಯ ಸಿಲಿಂಡರಿನ ಮುಂದೆ ಬಗ್ಗಿದ್ದರು. ಒತ್ತಡ ತೋರಿಸುವ ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು. ಅದೇ ಸಿಲಿಂಡರಿಗೆ ಮುಂದಿನ ಮಾರ್ಚ್‌ವರೆಗೂ 'ಸರಿಯಿದೆ' ಎಂದು ಅವರ ಸಹಿ ಆಗಲೇ ಬಿದ್ದಿತ್ತು.